ಟ್ರಯಂಫ್ ಟಿಆರ್3 ಕಾರಿನ ಸ್ಟೀರಿಂಗ್ ಮಾರ್ಪಾಡು

ಟ್ರಯಂಫ್ ಟಿಆರ್3 ಕಾರಿನ ಸ್ಟೀರಿಂಗ್ ಮಾರ್ಪಾಡು ಎಂಬುದು ಬ್ರಿಟನ್ನಿನ ಟ್ರಯಂಫ್ ಟಿಆರ್2 ಮತ್ತು ಟಿಆರ್3 ಸ್ಪೋರ್ಟ್ಸ್ ಕಾರುಗಳ ಪುನರುಜ್ಜೀವನದ ವೇಳೆ ಮೂಲ ಸ್ಟೀರಿಂಗ್ ಪೆಟ್ಟಿಗೆಯನ್ನು ತೆಗೆದು, ಅದರ ಸ್ಥಾನದಲ್ಲಿ ರ‍್ಯಾಕ್ ಮತ್ತು ಪಿನಿಯನ್ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯವಾಗಿದೆ. ಚಾಲನೆಯ ನಿಖರತೆ ಮತ್ತು ಅಪಘಾತದಲ್ಲಿ ಚಾಲಕನ ಸುರಕ್ಷತೆ ಇದರ ಮುಖ್ಯ ಉದ್ದೇಶಗಳು. ಆದರೆ ಈ ಬದಲಾವಣೆಯಿಂದ ಕಾರಿನ ಮೂಲ ಸ್ವರೂಪಕ್ಕೂ ಕಾನೂನಿನ ಸ್ಥಾನಮಾನಕ್ಕೂ ಧಕ್ಕೆಯಾಗುವ ಸಾಧ್ಯತೆ ಇರುತ್ತದೆ.

ಹಿನ್ನೆಲೆ

ಕೊವೆಂಟ್ರಿಯ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯು ಟಿಆರ್2 ಕಾರನ್ನು 1953ರಲ್ಲಿ, ಟಿಆರ್3 ಕಾರನ್ನು 1955ರಲ್ಲಿ ತಯಾರಿಸಲು ಆರಂಭಿಸಿತು. ಎರಡರಲ್ಲಿಯೂ ಕ್ಯಾಮ್ ಮತ್ತು ಲಿವರ್ ಮಾದರಿಯ ಸ್ಟೀರಿಂಗ್ ಪೆಟ್ಟಿಗೆ ಇತ್ತು. 1961ರಲ್ಲಿ ಬಂದ ಟಿಆರ್4 ಕಾರಿನಲ್ಲಿ ಕಂಪನಿಯೇ ರ‍್ಯಾಕ್ ಮತ್ತು ಪಿನಿಯನ್ ವ್ಯವಸ್ಥೆಯನ್ನು ಅಳವಡಿಸಿತು. 1959ರ ಟ್ರಯಂಫ್ ಹೆರಾಲ್ಡ್ ಕಾರಿನಲ್ಲಿ ಈ ವ್ಯವಸ್ಥೆ ಅದಕ್ಕೂ ಮೊದಲೇ ಬಳಕೆಗೆ ಬಂದಿತ್ತು. ಹೆರಾಲ್ಡ್ ಕಾರು ಭಾರತದಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಮದರಾಸಿನಲ್ಲಿ ತಯಾರಾಗುತ್ತಿತ್ತು.

ಮೂಲ ವ್ಯವಸ್ಥೆ

ಮೂಲ ವ್ಯವಸ್ಥೆಯಲ್ಲಿ ಸ್ಟೀರಿಂಗ್ ದಂಡದ ಕೆಳತುದಿಯಲ್ಲಿ ಸುರುಳಿಯಾಕಾರದ ಗಾಡಿಯುಳ್ಳ ಕ್ಯಾಮ್ ಇರುತ್ತದೆ. ಲಿವರಿನ ಗೂಟವು ಈ ಗಾಡಿಯಲ್ಲಿ ಚಲಿಸುತ್ತದೆ. ಆ ಚಲನೆಯು ಡ್ರಾಪ್ ಆರ್ಮ್, ಮಧ್ಯದ ಸರಳು, ಐಡ್ಲರ್ ಲಿವರ್ ಮತ್ತು ಎರಡು ಹೊರ ಸರಳುಗಳ ಮೂಲಕ ಚಕ್ರಗಳನ್ನು ತಲುಪುತ್ತದೆ. ಕೀಲುಗಳು ಹಲವು ಇರುವುದರಿಂದ ಪ್ರತಿಯೊಂದರ ಅಲ್ಪ ಸಡಿಲಿಕೆಯೂ ಒಟ್ಟುಗೂಡುತ್ತದೆ.

ಕಾರು ಬಹುಪಾಲು ಸಮಯ ನೇರವಾಗಿ ಚಲಿಸುವುದರಿಂದ ಕ್ಯಾಮ್‌ನ ಮಧ್ಯಭಾಗವೇ ಹೆಚ್ಚು ಸವೆಯುತ್ತದೆ. ಈ ಸಡಿಲಿಕೆಯನ್ನು ಹೊಂದಾಣಿಕೆಯ ತಿರುಪಿನಿಂದ ಪೂರ್ಣವಾಗಿ ನಿವಾರಿಸಿದರೆ, ಸವೆಯದ ಎರಡೂ ಪಕ್ಕಗಳಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತೈಲ ಸೋರಿ ಬರಿದಾದ ಪೆಟ್ಟಿಗೆಯಲ್ಲಿ ಸವೆತ ಇನ್ನೂ ತ್ವರಿತವಾಗಿರುತ್ತದೆ. ಹೀಗಾಗಿ ಮಾರ್ಪಾಡಿಗೆ ಮುನ್ನ ಪೆಟ್ಟಿಗೆ, ಐಡ್ಲರ್, ಕೀಲುಗಳು ಮತ್ತು ಚಕ್ರಗಳ ಬೇರಿಂಗ್‌ಗಳನ್ನು ಪರಿಶೀಲಿಸಬೇಕಾಗುತ್ತದೆ. ಸವೆದ ಭಾಗಗಳನ್ನು ಬದಲಿಸಿದ ಮೂಲ ವ್ಯವಸ್ಥೆಯೂ ತೃಪ್ತಿಕರವಾಗಿ ಕೆಲಸ ಮಾಡಬಲ್ಲದು.

ಮೂಲ ಸ್ಟೀರಿಂಗ್ ದಂಡವು ಮುಂಭಾಗದಲ್ಲಿರುವ ಪೆಟ್ಟಿಗೆಯಿಂದ ಚಾಲಕನ ಎದೆಯ ಕಡೆಗೆ ನೇರವಾಗಿ ಚಾಚಿಕೊಂಡಿರುತ್ತದೆ. ಮುಂಬದಿಯ ಡಿಕ್ಕಿಯಲ್ಲಿ ಅದು ಹಿಂದಕ್ಕೆ ತಳ್ಳಲ್ಪಡುವ ಅಪಾಯವಿದೆ. ಸವೆದ ಭಾಗಗಳ ಬದಲಾವಣೆಯಿಂದ ಈ ದೋಷ ಪರಿಹಾರವಾಗುವುದಿಲ್ಲ.

ರ‍್ಯಾಕ್ ಅಳವಡಿಕೆ

ರ‍್ಯಾಕ್ ಎಂದರೆ ಹಲ್ಲುಗಳುಳ್ಳ ದಂಡ; ಪಿನಿಯನ್ ಎಂದರೆ ಅದನ್ನು ಎಡಬಲಕ್ಕೆ ಸರಿಸುವ ಸಣ್ಣ ಹಲ್ಲುಚಕ್ರ. ಇಲ್ಲಿ ಮಧ್ಯದ ಸರಳು ಮತ್ತು ಐಡ್ಲರ್ ಇರುವುದಿಲ್ಲವಾದ್ದರಿಂದ ಸಡಿಲಿಕೆ ಕಡಿಮೆಯಾಗುತ್ತದೆ. ಆದರೆ ರ‍್ಯಾಕ್‌ನ ಉದ್ದ ಮತ್ತು ಎತ್ತರ ಈ ಕಾರಿನ ಸಸ್ಪೆನ್ಷನ್‌ಗೆ ಹೊಂದಿಕೆಯಾಗಬೇಕು. ಟಿಆರ್4 ಕಾರಿನ ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಾಗಿರುವುದರಿಂದ, ಅದರ ರ‍್ಯಾಕ್ ಹೊಂದುವುದೆಂದು ಅಳತೆ ನೋಡದೆ ಭಾವಿಸುವಂತಿಲ್ಲ.

ರ‍್ಯಾಕ್‌ನ ತುದಿಯ ಒಳಕೀಲು ಸಸ್ಪೆನ್ಷನ್ನಿನ ಮೇಲಿನ ಮತ್ತು ಕೆಳಗಿನ ತೋಳುಗಳ ಚಲನೆಗೆ ತಕ್ಕ ಸ್ಥಾನದಲ್ಲಿ ಇರಬೇಕು. ಇಲ್ಲದಿದ್ದಲ್ಲಿ ಚಕ್ರವು ರಸ್ತೆಯ ಉಬ್ಬುತಗ್ಗುಗಳಲ್ಲಿ ಮೇಲೆ ಕೆಳಗೆ ಚಲಿಸಿದಾಗ ಚಾಲಕನು ತಿರುಗಿಸದಿದ್ದರೂ ತಾನಾಗಿಯೇ ಪಕ್ಕಕ್ಕೆ ತಿರುಗುತ್ತದೆ. ಇದನ್ನು ಬಂಪ್ ಸ್ಟೀರ್ ಎನ್ನುತ್ತಾರೆ. ಸ್ಪ್ರಿಂಗ್ ತೆಗೆದು ಚಕ್ರವನ್ನು ಪೂರ್ಣ ಮೇಲಕ್ಕೂ ಕೆಳಕ್ಕೂ ಚಲಿಸಿ, ಅದರ ದಿಕ್ಕು ಎಷ್ಟು ಬದಲಾಗುತ್ತದೆ ಎಂಬುದನ್ನು ಅಳೆದು ಈ ದೋಷವನ್ನು ಪತ್ತೆಹಚ್ಚಬಹುದು. ಅಳವಡಿಕೆಯ ನಂತರ ಮುಂಚಕ್ರಗಳ ಜೋಡಣೆಯನ್ನು ಹೊಸದಾಗಿ ಸರಿಪಡಿಸಬೇಕು.

ಸ್ಟೀರಿಂಗ್ ದಂಡವನ್ನು ತುಂಡು ಮಾಡಿ ಎರಡು ಯೂನಿವರ್ಸಲ್ ಜಾಯಿಂಟ್‌ಗಳಿಂದ ಕೋನದಲ್ಲಿ ಜೋಡಿಸಿದಾಗ ಅದು ಎದೆಗೆ ನೇರವಾಗಿ ಗುರಿಯಿಟ್ಟ ದಂಡವಾಗಿ ಉಳಿಯುವುದಿಲ್ಲ. ಎರಡು ಜಾಯಿಂಟ್‌ಗಳ ಕೋನಗಳು ಸಮವಾಗಿರಬೇಕು ಮತ್ತು ಅವುಗಳ ಕವಲುಗಳು ಒಂದೇ ನೇರದಲ್ಲಿರಬೇಕು. ತಪ್ಪಿದರೆ ತಿರುಗುವಿಕೆ ಒಮ್ಮೆ ಹಗುರ, ಒಮ್ಮೆ ಬಿಗಿಯಾಗಿರುತ್ತದೆ. ಮೂಲ ಕಾರಿನಲ್ಲಿ ಹಾರ್ನ್ ಮತ್ತು ಇಂಡಿಕೇಟರಿನ ತಂತಿಗಳು ದಂಡದೊಳಗಿನ ಕೊಳವೆಯ ಮೂಲಕ ಹಾದುಹೋಗುವುದರಿಂದ ಅವುಗಳಿಗೆ ಬೇರೆ ದಾರಿ ಮಾಡಬೇಕಾಗುತ್ತದೆ.

ವಿದ್ಯುತ್ ನೆರವು

ರೇಡಿಯಲ್ ಟೈರ್‌ಗಳನ್ನು ಹಾಕಿದ ಕಾರನ್ನು ನಿಧಾನಗತಿಯಲ್ಲಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಇದಕ್ಕಾಗಿ ಕೆಲವರು ಡ್ಯಾಶ್‌ಬೋರ್ಡ್ ಅಡಿಯಲ್ಲಿ ವಿದ್ಯುತ್ ಮೋಟಾರನ್ನು ಅಳವಡಿಸುತ್ತಾರೆ. ಟಿಆರ್3 ಕಾರಿನ ಮೂಲ ವಿದ್ಯುತ್ ವ್ಯವಸ್ಥೆಯಲ್ಲಿ ಧನಾಗ್ರವು ಚಾಸಿಗೆ ಜೋಡಣೆಯಾಗಿದ್ದು, ಡೈನಮೊ ಬಳಕೆಯಲ್ಲಿರುತ್ತದೆ. ಆಧುನಿಕ ಮೋಟಾರಿಗಾಗಿ ಧ್ರುವಗಳನ್ನು ಅದಲುಬದಲು ಮಾಡಿ, ಸಾಮಾನ್ಯವಾಗಿ ಆಲ್ಟರ್ನೇಟರನ್ನೂ ಹಾಕಬೇಕಾಗುತ್ತದೆ.

ಮೂಲ ಸ್ವರೂಪ ಮತ್ತು ಕಾನೂನು

ಬ್ರಿಟನ್ನಿನಲ್ಲಿ 2018ರಿಂದ, 40 ವರ್ಷಕ್ಕಿಂತ ಹಳೆಯದಾದ ಮತ್ತು ಹಿಂದಿನ 30 ವರ್ಷಗಳಲ್ಲಿ ಗಣನೀಯ ಬದಲಾವಣೆಗೆ ಒಳಗಾಗದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಸರ್ಕಾರದ ಮಾರ್ಗಸೂಚಿಯು ಸ್ಟೀರಿಂಗ್‌ನ ಮಾದರಿಯನ್ನು ಬದಲಿಸುವುದನ್ನು ಗಣನೀಯ ಬದಲಾವಣೆ ಎಂದು ಪರಿಗಣಿಸುತ್ತದೆ. ಆದರೆ ಸುರಕ್ಷತೆ ಅಥವಾ ದಕ್ಷತೆ ಹೆಚ್ಚಿಸುವ ಬದಲಾವಣೆಗಳಿಗೆ ರಿಯಾಯಿತಿ ನೀಡುತ್ತದೆ. ಭಾರತದಲ್ಲಿ 2021ರ ನಿಯಮದಂತೆ ವಿಂಟೇಜ್ ವಾಹನವೆಂದು ನೋಂದಾಯಿಸಲು ವಾಹನವು ಮೂಲ ಸ್ವರೂಪದಲ್ಲಿರಬೇಕು.

ಈ ಕಾರಣಗಳಿಂದ ಚಾಸಿಯನ್ನು ಕತ್ತರಿಸದೆ, ಬೋಲ್ಟ್‌ಗಳಿಂದ ಕೂಡಿಸುವ ಬ್ರಾಕೆಟ್‌ಗಳನ್ನು ಬಳಸುವುದು ಮತ್ತು ತೆಗೆದ ಭಾಗಗಳನ್ನು ಜೋಪಾನವಾಗಿ ಇಡುವುದು ಉತ್ತಮ ಪದ್ಧತಿ ಎನಿಸಿದೆ. ಮುಂದಿನ ಮಾಲೀಕರು ಬಯಸಿದಲ್ಲಿ ಕಾರನ್ನು ಮೂಲ ಸ್ಥಿತಿಗೆ ಮರಳಿಸಲು ಇದರಿಂದ ಸಾಧ್ಯವಾಗುತ್ತದೆ.