ಸೀಸದ ಸಿಪಾಯಿಗಳು

ಇಂಗ್ಲೆಂಡಿನ ಪ್ರತಿಷ್ಠಿತ ಮನೆತನದ ಹುಡುಗನೊಬ್ಬನು ತನ್ನಲ್ಲಿದ್ದ ಸುಮಾರು ಒಂದೂವರೆ ಸಾವಿರ ಬೊಂಬೆ ಸಿಪಾಯಿಗಳನ್ನು ವ್ಯೂಹದಲ್ಲಿ ನಿಲ್ಲಿಸಿದ್ದನು. ತಂದೆಯವರು ಬಂದು ಇಪ್ಪತ್ತು ನಿಮಿಷಗಳ ಕಾಲ ಆ ಸೈನ್ಯವನ್ನು ಪರಿಶೀಲಿಸಿ, ನಿಜವಾದ ಸೈನ್ಯಕ್ಕೆ ಸೇರಲು ಇಷ್ಟವುಂಟೇ ಎಂದು ಕೇಳಿದರು. ಹುಡುಗನು ಒಡನೆಯೇ ಹೌದೆಂದನು. ತನ್ನಲ್ಲಿ ಸೇನಾನಿಯ ಪ್ರತಿಭೆಯನ್ನು ತಂದೆ ಗುರುತಿಸಿದರೆಂದು ಅವನು ಬಹುಕಾಲ ಹಿಗ್ಗಿದ್ದನು. ವಕೀಲನಾಗುವಷ್ಟು ಬುದ್ಧಿ ಮಗನಿಗಿಲ್ಲವೆಂದು ಅವರು ತೀರ್ಮಾನಿಸಿದ್ದರೆಂಬುದು ತಿಳಿದದ್ದು ಆಮೇಲೆ! ಆ ಹುಡುಗನೇ ವಿನ್‌ಸ್ಟನ್ ಚರ್ಚಿಲ್. ೧೯೩೦ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಒಬ್ಬ ಮನುಷ್ಯನ ಬಾಳಿನ ದಿಕ್ಕನ್ನೇ ತಿರುಗಿಸಿದ ಈ ಆಟಿಕೆಗಳು ಆಗ ಎಲ್ಲ ಮಕ್ಕಳ ಕೈಗೆ ಎಟಕುವಂತಿರಲಿಲ್ಲ. ಜರ್ಮನಿಯ ನ್ಯೂರೆಂಬರ್ಗ್ ನಗರವು ತವರದ ಚಪ್ಪಟೆ ಸಿಪಾಯಿಗಳಿಗೆ ಹದಿನೆಂಟನೆಯ ಶತಮಾನದಿಂದಲೂ ಹೆಸರಾಗಿದ್ದಿತು. ಮೈತುಂಬಿದ ಗಟ್ಟಿ ಸೀಸದ ಬೊಂಬೆಗಳು ಜರ್ಮನಿ, ಫ್ರಾನ್ಸ್ ದೇಶಗಳಿಂದ ಬರುತ್ತಿದ್ದವು. ಅವುಗಳ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು.

ಟೊಳ್ಳು ಸಿಪಾಯಿಯ ಜನನ

೧೮೯೩ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆಯವರು ಒಂದು ಹೊಸ ಉಪಾಯದಿಂದ ಸಿಪಾಯಿಗಳನ್ನು ಎರಕಹೊಯ್ಯತೊಡಗಿದರು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದಾಗ, ಅಚ್ಚಿನ ಗೋಡೆಗೆ ತಾಗಿದ ಭಾಗವು ಮೊದಲು ಗಟ್ಟಿಯಾಗುತ್ತದೆ. ಆ ಕ್ಷಣದಲ್ಲಿಯೇ ಅಚ್ಚನ್ನು ಬಾಗಿಸಿ ಒಳಗಿನ ದ್ರವವನ್ನು ಹೊರಕ್ಕೆ ಸುರಿದರೆ ಟೊಳ್ಳಾದ ಬೊಂಬೆ ಉಳಿಯುತ್ತದೆ. ಲೋಹದ ಖರ್ಚು ಉಳಿಯಿತು, ಬೆಲೆಯೂ ಇಳಿಯಿತು. ೫೪ ಮಿಲಿಮೀಟರ್ ಎತ್ತರದ ಎಂಟು ಮಂದಿ ಕಾಲಾಳುಗಳು, ಇಲ್ಲವೆ ಐವರು ಕುದುರೆ ಸವಾರರು ಇರುವ ಪೆಟ್ಟಿಗೆಗೆ ಒಂದು ಷಿಲಿಂಗ್ ಮಾತ್ರ! ಬ್ರಿಟಿಷ್ ರಾಣಿಯ ಕಾವಲು ಪಡೆಯಿಂದ ಮೊದಲಾದ ಈ ಸಾಲಿನಲ್ಲಿ ಬಂಗಾಳದ ಭರ್ಜಿ ಹಿಡಿದ ಸವಾರರೂ ಮದ್ರಾಸಿನ ಕಾಲಾಳುಗಳೂ ಬಂದು ಸೇರಿದರು.

ಚಿಕ್ಕ ಯುದ್ಧ, ದೊಡ್ಡ ಯುದ್ಧ

ಈ ಬೊಂಬೆಗಳಿಗೆ ಮನಸೋತ ದೊಡ್ಡವರಲ್ಲಿ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಒಬ್ಬರು. ಮರದ ಪುಟ್ಟ ಗುಂಡನ್ನು ಹಾರಿಸುವ ಸ್ಪ್ರಿಂಗ್ ಫಿರಂಗಿಯಿಟ್ಟುಕೊಂಡು ಗೆಳೆಯರೊಡನೆ ನೆಲದ ಮೇಲೆ ಕದನವಾಡುತ್ತಿದ್ದ ಅವರು, ಆ ಆಟದ ನಿಯಮಗಳನ್ನು ೧೯೧೩ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಯುದ್ಧದ ಹುಚ್ಚು ಹಿಡಿದ ದೊರೆಗಳನ್ನು ಒಂದು ದೊಡ್ಡ ಕೋಣೆಗೆ ಕಳುಹಿಸಿ, ಬೇಕಾದಷ್ಟು ಬೊಂಬೆ ಸಿಪಾಯಿಗಳನ್ನು ಕೊಟ್ಟುಬಿಟ್ಟರೆ ಲೋಕಕ್ಕೆ ನೆಮ್ಮದಿ ಎಂಬುದು ಅವರ ವಾದವಾಗಿದ್ದಿತು. ಮರುವರ್ಷವೇ ಮೊದಲನೆಯ ಮಹಾಯುದ್ಧ ಸಿಡಿಯಿತು. ಒಂದು ಷಿಲಿಂಗಿನ ಪೆಟ್ಟಿಗೆಗಾಗಿ ಹಟ ಮಾಡಿದ್ದ ಹುಡುಗರ ಪೀಳಿಗೆಯೇ ಫ್ರಾನ್ಸಿನ ಕೆಸರು ಕಂದಕಗಳಿಗೆ ನಡೆಯಿತು. ನೆಲದ ಮೇಲೆ ಉರುಳಿದ ಸಿಪಾಯಿಯನ್ನು ಸಂಜೆ ಮತ್ತೆ ಎತ್ತಿ ನಿಲ್ಲಿಸಬಹುದು. ಅಲ್ಲಿ ಉರುಳಿದವರನ್ನು ನಿಲ್ಲಿಸುವವರಾರು?

ಸಂಗ್ರಾಹಕರ ಕಣ್ಣು

ಸೀಸವು ಮಕ್ಕಳಿಗೆ ವಿಷವೆಂಬ ಅರಿವು ಬಲಿತಂತೆ ೧೯೬೬ರಲ್ಲಿ ಬ್ರಿಟನ್ ಸಂಸ್ಥೆಯ ಸೀಸದ ಸಿಪಾಯಿಗಳ ತಯಾರಿಕೆ ನಿಂತಿತು. ಪ್ಲಾಸ್ಟಿಕ್ ಆ ಸ್ಥಾನಕ್ಕೆ ಬಂದಿತು. ಅಲ್ಲಿಂದ ಮುಂದೆ ಹಳೆಯ ಬೊಂಬೆಗಳು ಸಂಗ್ರಾಹಕರ ನಿಧಿಯಾದವು. ಅವರು ಮೊದಲು ನೋಡುವುದು ಮೂಲ ಬಣ್ಣವನ್ನು. ಎಷ್ಟೇ ಅಂದವಾಗಿ ಮತ್ತೆ ಬಣ್ಣ ಬಳಿದರೂ ಬೆಲೆ ಕುಗ್ಗುತ್ತದೆ. ಮೂಲ ಪೆಟ್ಟಿಗೆಯೂ ಜೊತೆಗಿದ್ದರೆ ಬೆಲೆ ಏರುತ್ತದೆ. ಇವುಗಳನ್ನು ಓಕ್ ಮರದ ಬೀರುವಿನಲ್ಲಿ ಮಾತ್ರ ಇಡಬಾರದು. ಆ ಮರದಿಂದ ಹೊಮ್ಮುವ ಆಮ್ಲದ ಆವಿಗೆ ಸೀಸವು ಸವೆದು ಬಿಳಿಯ ಪುಡಿಯಾಗುತ್ತದೆ.

ಟೊಳ್ಳು ಸಿಪಾಯಿಯ ದುರ್ಬಲ ಭಾಗವೆಂದರೆ ಕುತ್ತಿಗೆ. ತಲೆ ಮುರಿದಾಗ ಮಕ್ಕಳು ಬೆಂಕಿಕಡ್ಡಿಯ ತುಂಡೊಂದನ್ನು ಟೊಳ್ಳಿನೊಳಕ್ಕೆ ತೂರಿಸಿ ಅದರ ಮೇಲೆ ತಲೆಯನ್ನು ಕೂರಿಸುತ್ತಿದ್ದರು. ಅಂತಹ ಗಾಯಾಳು ಸಿಪಾಯಿಗಳು ಹಳೆಯ ಪೆಟ್ಟಿಗೆಗಳಲ್ಲಿ ಈಗಲೂ ದೊರೆಯುತ್ತವೆ. ಮಾರುಕಟ್ಟೆಯಲ್ಲಿ ಅವುಗಳಿಗೆ ಬೆಲೆ ಅಷ್ಟಕ್ಕಷ್ಟೆ. ಹೆಚ್ಚು ಹಣ ಸಲ್ಲುವುದು ಯಾವ ಮಗುವೂ ಮುಟ್ಟದೆ ಪೆಟ್ಟಿಗೆಯಲ್ಲಿಯೇ ಉಳಿದ ಸಿಪಾಯಿಗೆ. ಆದರೆ ಕದನಗಳನ್ನು ಕಂಡವನು, ಬಿದ್ದು ಎದ್ದವನು, ಪುಟ್ಟ ಕೈಯೊಂದರ ಶುಶ್ರೂಷೆ ಪಡೆದವನು ಆ ಬೆಂಕಿಕಡ್ಡಿಯ ಕುತ್ತಿಗೆಯವನೇ ಅಲ್ಲವೇ?