ನಳದ ನೀರಿಗೆ ಗಟಾರದ ನಂಟು

ಮಳೆಗಾಲ ಕಾಲಿಟ್ಟೊಡನೆ ವಾಂತಿಭೇದಿಯ ಸುದ್ದಿಯೂ ಬರುತ್ತದೆ. 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ ಹಾಗೂ ಬಿಜಕಲ್ ಗ್ರಾಮಗಳಲ್ಲಿ ಅನೇಕರು ವಾಂತಿಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು. ಕಲುಷಿತ ನೀರಿನತ್ತಲೇ ಎಲ್ಲರೂ ಬೊಟ್ಟು ಮಾಡಿದರು. ಅವೇನೋ ಹಳ್ಳಿಗಳು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಇಕ್ಕಟ್ಟಾದ ಓಣಿಗಳಲ್ಲಿ ವಾಸಿಸುವವರಿಗೂ ಈ ಅಪಾಯ ತಪ್ಪಿದ್ದಲ್ಲ.

ಟ್ಯಾಂಕಿನಲ್ಲಿ ಕ್ಲೋರಿನ್ ಬೆರೆಸಿದ ನೀರು ನಿಮ್ಮ ಕೊಡ ಸೇರುವಷ್ಟರಲ್ಲಿ ಕೆಡುವುದು ಹೇಗೆ? ಕೆಲವೇ ಗಂಟೆ ನೀರು ಬಿಡುವ ಕಡೆ ಉಳಿದ ಹೊತ್ತು ಪೈಪು ಬರಿದಾಗಿರುತ್ತದೆ. ಒತ್ತಡವಿದ್ದಾಗ ಪೈಪಿನ ಸೀಳಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ಒತ್ತಡ ಇಳಿದೊಡನೆ ಅದೇ ಸೀಳು ಸುತ್ತಲಿನ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಡವರ ಓಣಿಗಳಲ್ಲಿ ಜಾಗವಿಲ್ಲದೆ ಪೈಪು ಗಟಾರದ ಪಕ್ಕದಲ್ಲೇ, ಕೆಲವೆಡೆ ಗಟಾರದೊಳಗೇ ಹಾದಿರುತ್ತದೆ. ನೀರು ಏರುವುದಿಲ್ಲವೆಂದು ಗುಂಡಿ ತೋಡಿ ನಳ ಇಳಿಸಿದರೆ ಆ ಗುಂಡಿಯಲ್ಲಿ ನಿಂತ ಕೊಳಕು ನೀರೂ ಪೈಪಿಗಿಳಿಯುತ್ತದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚುವುದಂತೂ ಗಟಾರವನ್ನೇ ಹೀರಿದಂತೆ. ಅದು ನೆರೆಮನೆಯ ಕೊಡಕ್ಕೂ ಬರುತ್ತದೆ. (ಮೋಟಾರಿನವರೊಡನೆ ಜಗಳಕ್ಕೆ ನಿಲ್ಲುವವರು ಈ ಮಾತನ್ನೂ ಆಡಬಹುದು.)

ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರು ಬರುವ ಬಡಾವಣೆಗಳನ್ನೂ ಬಿಟ್ಟುಬಿಟ್ಟು ಬರುವ ಬಡಾವಣೆಗಳನ್ನೂ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಿರಂತರ ನೀರಿರುವ ಕಡೆ ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ವಿಷಮಶೀತ ಜ್ವರ ಕಂಡ ಮನೆಗಳೂ ಕಡಿಮೆ. ಆದರೆ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರಷ್ಟೇ ಅಲ್ಲ, ಕೈ, ನೊಣ, ಅಂಗಳದ ಮಲದಿಂದಲೂ ರೋಗ ಹಬ್ಬುತ್ತದೆ. ಹಸುಗೂಸಿನ ಮಲ ನಿರಪಾಯವೆಂದು ಎಷ್ಟೋ ತಾಯಂದಿರು ಅದನ್ನು ಗಟಾರಕ್ಕೆ ಚೆಲ್ಲುತ್ತಾರೆ. ಅದರಲ್ಲೂ ರೋಗಾಣುಗಳಿರುತ್ತವೆ. ಅದನ್ನು ಪಾಯಖಾನೆಗೇ ಹಾಕಿ ಸಾಬೂನಿನಿಂದ ಕೈ ತೊಳೆಯಿರಿ.

ನಳ ಬಂದಾಗ ಮೊದಲ ಕೆಲವು ನಿಮಿಷಗಳ ನೀರನ್ನು ಕುಡಿಯಲು ಹಿಡಿಯಬೇಡಿ. ಪಾತ್ರೆ ಬಟ್ಟೆಗೆ ಬಳಸಿ. ಕುಡಿಯುವ ನೀರನ್ನು ಸೋಸಿ, ಕೊತಕೊತ ಕುದಿಸಿ ಆರಿಸಿ. ಉರುವಲು ಸಾಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಕ್ಲೋರಿನ್ ಗುಳಿಗೆ ಪಡೆಯಿರಿ. ಅವರು ಹೇಳಿದ ಪ್ರಮಾಣದಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೊಡಕ್ಕೆ ಮುಚ್ಚಳವಿರಲಿ. ಲೋಟ ಅದ್ದದೆ ಹಿಡಿಕೆಯಿರುವ ಸೌಟಿನಿಂದ ನೀರು ತೆಗೆಯಿರಿ.

ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ ಇಲ್ಲಿ ಸುಳ್ಳು. ಕುದಿಯುವಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಅಂದರೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಲೋರಿನ್‌ನಿಂದಲೂ ಅದು ಹೋಗದು. ನಿಮ್ಮ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೋ ನದಿಮೂಲದ ನಳದ ನೀರನ್ನೋ ತನ್ನಿ. ಮೀಯಲು, ತೊಳೆಯಲು ಕೊಳವೆಬಾವಿಯದೇ ಸಾಕು.

ಮನೆಯಲ್ಲಿ ಯಾರಿಗಾದರೂ ಭೇದಿ ಆರಂಭವಾದರೆ ತಡಮಾಡದೆ ಜೀವಜಲ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಏನನ್ನೂ ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸಲು ಪ್ರಯತ್ನಿಸಿ.