ನಿನ್ನೆ ಓಡಿದ್ದು ಇವತ್ತು ಯಾಕೆ ನಿಂತಿತು?

ಹುಬ್ಬಳ್ಳಿಯ ಬೆಂಗೇರಿ ಅಂದ ಕೂಡಲೇ ನಮಗೆ ನೆನಪಾಗೋದು ರಾಷ್ಟ್ರಧ್ವಜ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಣ್ಣುಮಕ್ಕಳು ಕೂತು ಹೊಲಿಯೋ ಖಾದಿ ಧ್ವಜ. ಆ ಕಥೆಗೆ ಕೊನೆಯಲ್ಲಿ ಬರ್ತೀನಿ. ಅದಕ್ಕೂ ಮೊದಲು ಅದೇ ಬೆಂಗೇರಿಯ ಇನ್ನೊಂದು ಸಣ್ಣ ಕಥೆ.

ಅಲ್ಲೊಂದು ಝೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಬಸ್ ಪಾಸ್ ಅರ್ಜಿ, ಪರೀಕ್ಷೆ ಫಾರ್ಮು. ಇಂಟರ್ನೆಟ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇರೋದು ಒಂದೇ ಹಳೇ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗೀತಲ್ಲ, ಆಗ ಯಾರೋ ಪರಿಚಯದವರು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು. ದುಡ್ಡು ಕೊಡೋ ಹಾಗಿಲ್ಲ, ಲೈಸೆನ್ಸ್ ಚಿಂತೆ ಇಲ್ಲ. ಚೆನ್ನಾಗೇ ನಡೀತಿತ್ತು. ಒಂದು ದಿನ ಅಪ್‌ಡೇಟ್ ಬಂತು. ಮಾಡಿದರು. ಮಾರನೇ ದಿನ ಬೆಳಿಗ್ಗೆ ವೈ-ಫೈ ಮಾಯ!

ನಾನು ಹೋದಾಗ ಅವರು ಹೇಳಿದ್ದು ಇಷ್ಟೇ: “ನಿನ್ನಿ ರಾತ್ರಿ ತನಕ ಚಲೋ ಇತ್ರೀ. ನಾನೇ ಏನೋ ಒತ್ತಬಾರದ್ದು ಒತ್ತೀನೇನೋ ಅನಸ್ತದ.” ರಿಪೇರಿಯವರು ಅಷ್ಟರಲ್ಲಾಗಲೇ ತೀರ್ಪು ಕೊಟ್ಟಾಗಿತ್ತು: “ಹಳೇದಾತ್ರೀ ಇದು. ಒಗದು ಹೊಸಾದು ತಗೋರಿ.”

ಗಮನಿಸಿ. ಇಬ್ಬರೂ ತಪ್ಪು ಹೊರಿಸಿದ್ದು ಯಾರ ಮೇಲೆ? ಒಬ್ಬರು ತಮ್ಮ ಮೇಲೆ, ಇನ್ನೊಬ್ಬರು ಯಂತ್ರದ ಮೇಲೆ. ಬದಲಾಗಿದ್ದು ಇವೆರಡೂ ಅಲ್ಲ. ಬದಲಾಗಿದ್ದು ಅಪ್‌ಡೇಟ್‌ನಲ್ಲಿ ಬಂದ ಕೋಡು. ಹಾಗಾದ್ರೆ ಹೊಣೆ ಯಾರದ್ದು? ಲಿನಕ್ಸ್ ಜಗತ್ತಿನಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಇದೆ, ಮತ್ತು ಆ ಉತ್ತರ ನಮಗೆಲ್ಲ ಬೇಕಾದದ್ದು.

ಮೊದಲು ಕರ್ನಲ್ ಅಂದ್ರೇನು ಅಂತ ನೋಡೋಣ. ನೀವು ಬಳಸೋ ಬ್ರೌಸರ್, ಟೈಪಿಂಗ್ ತಂತ್ರಾಂಶ ಇವೆಲ್ಲ ನೇರವಾಗಿ ಯಂತ್ರದ ಜತೆ ಮಾತಾಡಲ್ಲ. ನಡುವೆ ಒಬ್ಬ ಮೇಸ್ತ್ರಿ ಇರ್ತಾನೆ. ಅವನೇ ಕರ್ನಲ್. ಮೆಮೊರಿ ಯಾರಿಗೆಷ್ಟು, ಪ್ರೊಸೆಸರ್ ಸರದಿ ಯಾರದ್ದು, ಎಲ್ಲ ಅವನದೇ ಉಸ್ತುವಾರಿ. ವೈ-ಫೈ ಚಿಪ್ಪಿಗೆ ಒಂದು ಭಾಷೆ, ಸ್ಪೀಕರಿಗೆ ಇನ್ನೊಂದು, ಪರದೆಗೆ ಮತ್ತೊಂದು. ಹಾಗಾಗಿ ಒಂದೊಂದಕ್ಕೂ ಒಬ್ಬೊಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಲಿನಕ್ಸ್ ಕರ್ನಲ್‌ನಲ್ಲಿ ದೊಡ್ಡ ಪಾಲು ಈ ಡ್ರೈವರ್‌ಗಳದ್ದೇ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಇದನ್ನ ಶುರು ಮಾಡಿದರು. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇರೋದು ಇದೇ ಕರ್ನಲ್. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಅಷ್ಟೂ ಓಡ್ತಿರೋದು ಲಿನಕ್ಸ್ ಮೇಲೆ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ. ಪ್ರತಿ ಆವೃತ್ತಿಯಲ್ಲೂ ಹತ್ತು ಸಾವಿರಕ್ಕಿಂತ ಹೆಚ್ಚು ಬದಲಾವಣೆ. ಬರೆಯೋರು ಜಗತ್ತಿನ ಮೂಲೆಮೂಲೆಯವರು. ನಮ್ಮ ಬೆಂಗಳೂರಿನ ಚಿಪ್ ಕಂಪನಿಗಳ ಎಂಜಿನಿಯರ್‌ಗಳೂ ಅದರಲ್ಲಿದ್ದಾರೆ.

ಇಷ್ಟು ಬದಲಾವಣೆ ಆದಾಗ ಏನೋ ಒಂದು ಮುರಿಯುತ್ತೆ. ಹಿಂದಿನ ಆವೃತ್ತಿಯಲ್ಲಿ ಓಡ್ತಿದ್ದದ್ದು ಹೊಸದರಲ್ಲಿ ನಿಂತರೆ ಅದಕ್ಕೆ ‘ರಿಗ್ರೆಷನ್’ ಅಂತಾರೆ. ನಾವು ಹಿನ್ನಡೆ ಅನ್ನೋಣ. ಮೊದಲಿಂದಲೂ ಓಡದೇ ಇದ್ದದ್ದು ಹಿನ್ನಡೆ ಅಲ್ಲ, ಅದು ಬರೀ ಕೊರತೆ. ನಿನ್ನೆ ಇತ್ತು, ಇವತ್ತಿಲ್ಲ. ಇದು ಮಾತ್ರ ಹಿನ್ನಡೆ.

ಟೊರ್ವಾಲ್ಡ್ಸ್ ವರ್ಷಗಳಿಂದ ಪಟ್ಟು ಹಿಡಿದು ಹೇಳ್ತಿರೋ ನಿಯಮ ಒಂದೇ: ಹಿನ್ನಡೆ ಆಗಬಾರದು. ಆದರೆ ಬದಲಾವಣೆ ಮಾಡಿದವನೇ ಸರಿಮಾಡಬೇಕು. ಸರಿಮಾಡಕ್ಕೆ ಆಗದಿದ್ದರೆ ಬದಲಾವಣೆಯನ್ನೇ ವಾಪಸ್ ತಗೋಬೇಕು. “ನನ್ನ ಕೋಡು ಶುದ್ಧವಾಗಿದೆ, ನಿಮ್ಮ ಯಂತ್ರ ಮಾಡಿದ ಕಂಪನಿಯೇ ತಪ್ಪು ಮಾಡಿದೆ” ಅಂದ್ರೂ ನಡೆಯಲ್ಲ. ಯಂತ್ರದಲ್ಲಿ ತಪ್ಪು ನಿನ್ನೆನೂ ಇತ್ತು. ಆ ತಪ್ಪಿನ ಜತೆಗೇ ಅದು ಓಡ್ತಿತ್ತು. ನಿಲ್ಲಿಸಿದ್ದು ನೀನು! ಗಂಭೀರ ಭದ್ರತಾ ಲೋಪ ಮುಚ್ಚೋವಾಗ ಅಪರೂಪಕ್ಕೆ ವಿನಾಯಿತಿ ಸಿಗಬಹುದು. ಅದು ಬಿಟ್ಟರೆ ನೆಪ ಹೇಳೋ ಹಾಗಿಲ್ಲ. ಈ ವಿಷಯದಲ್ಲಿ ಟೊರ್ವಾಲ್ಡ್ಸ್ ಬೈಗುಳವೂ ಕುಖ್ಯಾತ. 2018ರಲ್ಲಿ ಅವರೇ ತಮ್ಮ ಒರಟುತನಕ್ಕೆ ಕ್ಷಮೆ ಕೇಳಿ ಕೆಲ ದಿನ ಪಕ್ಕಕ್ಕೆ ಸರಿದಿದ್ದರು. ಮಾತಿನ ಧಾಟಿ ಬದಲಾಯ್ತು, ನಿಯಮ ಬದಲಾಗಲಿಲ್ಲ.

ಹಾಗಿದ್ರೂ ಮುರಿಯೋದು ಯಾಕೆ? ಸರಳ. ಕೋಡ್ ಬರೆಯೋನ ಮೇಜಿನ ಮೇಲೆ ನಾಲ್ಕೈದು ಯಂತ್ರ ಇರಬಹುದು. ಜಗತ್ತಿನಲ್ಲಿ ಸಾವಿರಾರು ಮಾದರಿ. ಬೆಂಗೇರಿಯ ಆ ಹಳೇ ಲ್ಯಾಪ್‌ಟಾಪ್ ಅವನ ಮೇಜಿನ ಮೇಲೆ ಇರಲ್ಲ.

ಒಂದು ನಿಜ ಪ್ರಕರಣ ಹೇಳ್ತೀನಿ. 2022ರ ಸೆಪ್ಟೆಂಬರ್ ಕೊನೆಯಲ್ಲಿ 5.19.12 ಅನ್ನೋ ಆವೃತ್ತಿ ಬಂತು. ಇಂಟೆಲ್ ಗ್ರಾಫಿಕ್ಸ್ ಇದ್ದ ಕೆಲವು ಲ್ಯಾಪ್‌ಟಾಪ್‌ಗಳ ಪರದೆ ಬೆಳ್ಳಗೆ ಮಿನುಗೋಕೆ ಶುರುವಾಯ್ತು. ಇಂಟೆಲ್ ಎಂಜಿನಿಯರ್ ಲಾಗ್ ನೋಡಿ ಎಚ್ಚರಿಸಿದರು: ಪರದೆಗೆ ವಿದ್ಯುತ್ ಕೊಡೋ, ನಿಲ್ಲಿಸೋ ನಡುವಿನ ಅವಧಿಯ ಲೆಕ್ಕ ತಪ್ಪಿದೆ, ಪರದೆಗೇ ಹಾನಿ ಆಗಬಹುದು! ಕಾರಣ ಏನು? ಹೊಸ ಆವೃತ್ತಿಗೆ ಬರೆದ ತಿದ್ದುಪಡಿಗಳನ್ನ ಹಳೇ ಸಾಲಿಗೆ ತಂದಿದ್ದರು, ಅವು ನಿಂತಿದ್ದ ಹಿಂದಿನ ತಿದ್ದುಪಡಿಗಳನ್ನ ತಂದಿರಲಿಲ್ಲ. ಮನೆಗೆ ಮೇಲಿನ ಮೆಟ್ಟಿಲು ಬಂತು, ಕೆಳಗಿನ ಮೆಟ್ಟಿಲು ಲಾರಿಯಲ್ಲೇ ಉಳೀತು. ಸ್ಥಿರ ಆವೃತ್ತಿಗಳ ಉಸ್ತುವಾರಿ ನೋಡೋ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಚರ್ಚೆಗೆ ಕೂರಲಿಲ್ಲ. ಅಕ್ಟೋಬರ್ ಮೊದಲ ವಾರದಲ್ಲೇ 5.19.13 ಹೊರಬಂತು. ಅದರ ಮುಖ್ಯ ಕೆಲಸವೇ ಆ ತಿದ್ದುಪಡಿಗಳನ್ನ ಕಿತ್ತುಹಾಕೋದು.

ಈಗ ದೊಡ್ಡ ಪ್ರಶ್ನೆ. ಹತ್ತು ಸಾವಿರ ಬದಲಾವಣೆಯಲ್ಲಿ ತಪ್ಪಿತಸ್ಥ ಬದಲಾವಣೆ ಯಾವುದು ಅಂತ ಹುಡುಕೋದು ಹೇಗೆ?

ಸವದತ್ತಿ ಕಡೆಯಿಂದ ಹುಬ್ಬಳ್ಳಿಗೆ ಮಲಪ್ರಭೆ ನೀರು ಪೈಪಿನಲ್ಲಿ ಬರುತ್ತೆ. ನಡುವೆ ಎಲ್ಲೋ ಒಡೆದಿದೆ ಅಂದ್ಕೊಳ್ಳಿ. ಉದ್ದಕ್ಕೂ ನೆಲ ಅಗೀತಾ ಬರ್ತೀರಾ? ಇಲ್ಲ. ನಟ್ಟನಡುವೆ ನೋಡ್ತೀರಿ. ಅಲ್ಲಿತನಕ ನೀರು ಸರಿಯಾಗಿ ಬಂದಿದ್ದರೆ ತೂತು ಈಚೆ ಅರ್ಧದಲ್ಲಿದೆ. ಆ ಅರ್ಧವನ್ನ ಮತ್ತೆ ಅರ್ಧ. ಕರ್ನಲ್‌ನಲ್ಲೂ ಇದೇ. ಟೊರ್ವಾಲ್ಡ್ಸ್ 2005ರಲ್ಲಿ ಬರೆದ ‘ಗಿಟ್’ ಅನ್ನೋ ಸಾಧನ ಪ್ರತಿ ಬದಲಾವಣೆಯನ್ನೂ ಸರದಿಯಲ್ಲಿ ದಾಖಲಿಸಿಡುತ್ತೆ. ಅದರಲ್ಲಿ ‘ಬೈಸೆಕ್ಟ್’ ಅನ್ನೋ ಆಜ್ಞೆ ಇದೆ. ನಡುವಿನ ಆವೃತ್ತಿಯನ್ನ ಕೊಡುತ್ತೆ, ನೀವು ಯಂತ್ರದಲ್ಲಿ ಓಡಿಸಿ ‘ಸರಿ’ ಅಥವಾ ‘ಕೆಟ್ಟಿದೆ’ ಅನ್ನಬೇಕು. ಹತ್ತು ಸಾವಿರ ಬದಲಾವಣೆಗೆ ಎಷ್ಟು ಸಲ ಗೊತ್ತಾ? ಸುಮಾರು 14 ಸಲ. ಅಷ್ಟೇ! ತಪ್ಪಿತಸ್ಥ ಬದಲಾವಣೆ, ಬರೆದವರ ಹೆಸರು, ತಾರೀಕು ಎಲ್ಲ ಸಿಗುತ್ತೆ. ಇದನ್ನ ಮಾಡೋಕೆ ಪ್ರೋಗ್ರಾಮಿಂಗ್ ಪಂಡಿತ ಆಗಬೇಕಿಲ್ಲ. ಕರ್ನಲ್ ಕಟ್ಟೋದು ಕಲಿತಿರಬೇಕು, ತಾಳ್ಮೆ ಇರಬೇಕು, ಕೆಟ್ಟ ಯಂತ್ರ ಮುಂದಿರಬೇಕು.

ಇದು ಯಾಕೆ ಮುಖ್ಯ ಅಂದ್ರೆ ನಮ್ಮ ಊಹೆ ಮೋಸ ಮಾಡುತ್ತೆ. 2008ರಲ್ಲಿ 2.6.27 ಆವೃತ್ತಿ ಇನ್ನೂ ಪರೀಕ್ಷೆಯಲ್ಲಿದ್ದಾಗ ಇಂಟೆಲ್‌ನ ಕೆಲವು ನೆಟ್‌ವರ್ಕ್ ಚಿಪ್ಪುಗಳು ಪೂರ್ತಿ ಕೆಟ್ಟುಹೋದವು. ಚಿಪ್ಪಿನೊಳಗಿನ ಶಾಶ್ವತ ಸ್ಮೃತಿಯೇ ಅಳಿಸಿಹೋಗಿತ್ತು. ಎಲ್ಲರ ಕಣ್ಣು ಬಿದ್ದಿದ್ದು ಆ ಚಿಪ್ಪಿನ ಡ್ರೈವರ್ ಮೇಲೆ. ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಯಾರು? ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ, ಕರ್ನಲ್ ಕೆಲಸದ ಜಾಡು ಹಿಡಿಯೋ ‘ಎಫ್‌ಟ್ರೇಸ್’ ಅನ್ನೋ ಭಾಗ. ಅದು ಬರೀಬಾರದ ಜಾಗದಲ್ಲಿ ಬರೆದಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತೀವಲ್ಲ, ಹಾಗೇ ಆಗ್ತಿತ್ತು. ಪುರಾವೆ ತಪ್ಪಿಸಿತು.

ತಪ್ಪು ಸಿಕ್ಕ ಮೇಲೆ ಮೂರು ದಾರಿ. ಒಂದು, ಕೋಡು ತಿದ್ದೋದು. ಎರಡು, ಬದಲಾವಣೆಯನ್ನ ಹಿಂದಕ್ಕೆ ತಗೊಳ್ಳೋದು. ಕರ್ನಲ್ ಜಗತ್ತಿನಲ್ಲಿ ಇದು ಅವಮಾನ ಅಲ್ಲ, ರೂಢಿ. ಎರಡು ಮೂರು ವಾರದಲ್ಲಿ ತಿದ್ದಕ್ಕೆ ಆಗಲ್ಲ ಅಂತ ಗೊತ್ತಾದ್ರೆ ಮೊದಲು ವಾಪಸ್ ತಗೊಂಡು, ಆಮೇಲೆ ನಿಧಾನಕ್ಕೆ ಸರಿಯಾಗಿ ಬರೀತಾರೆ. ಮೂರು, ‘ಕ್ವಿರ್ಕ್’. ಅಂದ್ರೆ ವಿನಾಯಿತಿ ಪಟ್ಟಿ. ಇಂಥ ಕಂಪನಿಯ ಇಂಥ ಮಾದರಿ ಬಂದ್ರೆ ಅದರ ಜತೆ ಹೀಗೆ ನಡ್ಕೋ ಅಂತ ಕರ್ನಲ್‌ಗೆ ಹೇಳಿಡೋದು. ಹಠಮಾರಿ ನೆಂಟರ ಪಟ್ಟಿ ಇದ್ದಂಗೆ. ತಿದ್ದುಪಡಿ ಮೊದಲು ಟೊರ್ವಾಲ್ಡ್ಸ್ ಅವರ ಮುಖ್ಯ ಸಾಲಿಗೆ ಸೇರಬೇಕು, ಅಲ್ಲಿಂದ ಸ್ಥಿರ ಆವೃತ್ತಿಗೆ, ಅಲ್ಲಿಂದ ಉಬುಂಟು, ಫೆಡೋರಾದಂಥ ವಿತರಣೆಗಳಿಗೆ, ಕೊನೆಗೆ ನಿಮ್ಮ ಮನೆಗೆ.

ದೂರುಗಳು ಕಳೆದುಹೋಗದಂತೆ ಲೆಕ್ಕ ಇಡೋಕೂ ಒಬ್ಬರಿದ್ದಾರೆ. ಥಾರ್ಸ್ಟನ್ ಲೇಮ್‌ಹುಯಿಸ್ ಅಂತ, ಜರ್ಮನಿಯವರು. ಕೇಳಿದ್ರೆ ನಮ್ಮೋರಿಗೆ ಖುಷಿ ಆಗುತ್ತೆ: ಅವರು ಹೆಸರಾಗಿದ್ದು ಪತ್ರಕರ್ತರಾಗಿ! ವರದಿ ಬಂತು, ಏನಾಯ್ತು, ಯಾಕೆ ಇನ್ನೂ ಆಗಿಲ್ಲ ಅಂತ ಬೆನ್ನು ಹತ್ತೋದೇ ಕೆಲಸ. ಪ್ರಜಾಪ್ರಭುತ್ವದಲ್ಲಿ ಪತ್ರಕರ್ತ ಮಾಡಬೇಕಾದ್ದೂ ಇದನ್ನೇ ಅಲ್ವಾ?

ಹಾಗಂತ ಎಲ್ಲಾ ಚೆಂದ ಅಂತ ನಾನು ಹೇಳ್ತಿಲ್ಲ. ಈ ರಕ್ಷಣೆ ಸಿಗೋದು ಕರ್ನಲ್ ಒಳಗೇ ಇರೋ ಡ್ರೈವರ್‌ಗಳಿಗೆ. ಅಗ್ಗದ ವೈ-ಫೈ ಡಾಂಗಲ್ ತಂದು, ಎಲ್ಲಿಂದಲೋ ಇಳಿಸಿಕೊಂಡ ಡ್ರೈವರ್ ಹಾಕಿದ್ರೆ ಅದು ಹೊರಗಿನದು. ಮುರಿದ್ರೆ ಕರ್ನಲ್‌ನವರು ಹೊಣೆ ಅಲ್ಲ. ಆದ್ದರಿಂದ ಕೊಳ್ಳೋ ಮುಂಚೆಯೇ ಕೇಳಿ. ಇನ್ನೊಂದು ಮಾತು, ನಿಯಮಕ್ಕೂ ಕೊನೆ ಇದೆ. ಟೊರ್ವಾಲ್ಡ್ಸ್ ಲಿನಕ್ಸ್ ಹುಟ್ಟುಹಾಕಿದ್ದೇ 386 ಪ್ರೊಸೆಸರ್ ಮೇಲೆ. 2013ರಲ್ಲಿ ಬಂದ 3.8 ಆವೃತ್ತಿಯಲ್ಲಿ ಆ 386ಕ್ಕೇ ಬೆಂಬಲ ತೆಗೆದರು. ಯಾರೂ ಬಳಸದೇ ಇದ್ದದ್ದನ್ನ ತೆಗೀಬಹುದು. ಆದ್ರೆ ನೀವು ಬಳಸ್ತಿದ್ದೀರಿ ಅಂತ ಅವರಿಗೆ ಗೊತ್ತಾಗೋದು ಹೇಗೆ? ನೀವು ಬಾಯಿಬಿಟ್ಟರೆ ಮಾತ್ರ. ಸುಮ್ಮನಿದ್ದವನ ಯಂತ್ರ ಲೆಕ್ಕಕ್ಕೇ ಬರಲ್ಲ.

ಬೆಂಗೇರಿ ಅಂಗಡಿಗೆ ವಾಪಸ್ ಹೋಗೋಣ. ವಿದ್ಯಾನಗರದ ಕಾಲೇಜೊಂದರ ಹುಡುಗ ಝೆರಾಕ್ಸ್‌ಗೆ ಬಂದವನು ಲ್ಯಾಪ್‌ಟಾಪ್ ನೋಡಿದ. ಶುರುವಾಗೋವಾಗ ಬರೋ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಆರಿಸಿದ. ಹೌದು, ಅಪ್‌ಡೇಟ್ ಆದ ಮೇಲೂ ಬಹುತೇಕ ವಿತರಣೆಗಳು ಹಳೇದನ್ನ ಹಾಗೇ ಇಟ್ಟಿರುತ್ತವೆ. ವೈ-ಫೈ ಬಂತು! ಹಳೇದರಲ್ಲಿ ಬರುತ್ತೆ, ಹೊಸದರಲ್ಲಿ ಬರಲ್ಲ. ಇದೇ ಪುರಾವೆ. ಲ್ಯಾಪ್‌ಟಾಪ್ ಮಾದರಿ, ಚಿಪ್ಪಿನ ಹೆಸರು, ಓಡಿದ ಆವೃತ್ತಿ, ನಿಂತ ಆವೃತ್ತಿ, ಯಂತ್ರದ ಲಾಗು, ಇಷ್ಟನ್ನ ಬರೆದು ಕಳಿಸಿದ. ಮುಂದೊಂದು ಅಪ್‌ಡೇಟ್‌ನಲ್ಲಿ ಸರಿಹೋಯ್ತು. ಅವನ ವರದಿಯಿಂದಲೋ, ಇನ್ಯಾವುದೋ ಊರಿನ ಇನ್ಯಾರದೋ ವರದಿಯಿಂದಲೋ, ಯಾರಿಗ್ಗೊತ್ತು. ಅಂಗಡಿಯವರು ಹೊಸ ಲ್ಯಾಪ್‌ಟಾಪಿನ ದುಡ್ಡು ಉಳಿಸಿಕೊಂಡರು.

ಈಗ ಧ್ವಜದ ಕಥೆ. ಬೆಂಗೇರಿಯ ಸಂಘ ಶುರುವಾಗಿದ್ದು 1957ರಲ್ಲಿ. ಬಟ್ಟೆ ಬರೋದು ಬಾಗಲಕೋಟೆ ಕಡೆಯಿಂದ. ನೂಲು, ಬಣ್ಣ, ಅಳತೆ, ಚಕ್ರದ 24 ಗೆರೆ ಎರಡೂ ಬದಿ ಕೂಡಿ ಬರೋದು, ಎಲ್ಲಕ್ಕೂ ಬಿಐಎಸ್ ಮಾನದಂಡ. ಅದಕ್ಕೆ ತಕ್ಕಂತೆ ಕೈ ಪಳಗಿಸಿಕೊಂಡ ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಆಯ್ತು. ಪಾಲಿಯೆಸ್ಟರ್, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅನುಮತಿ. ಕಡಿಮೆ ಬೆಲೆಗೆ ಮನೆಮನೆಗೆ ಧ್ವಜ ತಲುಪಲಿ ಅನ್ನೋದು ಒಂದು ವಾದ. ಖಾದಿಗೆ ಪೆಟ್ಟು ಬೀಳುತ್ತೆ ಅನ್ನೋದು ಬೆಂಗೇರಿಯವರ ಕೂಗು. 2022ರಲ್ಲಿ ಅವರು ಪ್ರತಿಭಟಿಸಿದರು.

ತಿದ್ದುಪಡಿ ಸರಿಯೋ ತಪ್ಪೋ, ಅದನ್ನ ನೀವು ತೀರ್ಮಾನಿಸಿ. ನನ್ನ ಪ್ರಶ್ನೆ ಬೇರೆ. ಮೇಲೆ ಕೂತವರು ಒಂದು ಸಾಲು ಬದಲಾಯಿಸಿದಾಗ ಕೆಳಗೆ ನಿನ್ನೆ ತನಕ ಓಡ್ತಿದ್ದ ಕೈ ಮಗ್ಗ ನಿಂತರೆ ಅದನ್ನ ದಾಖಲು ಮಾಡೋರು ಯಾರು? ಸಾಲು ಬದಲಾಯಿಸಿದವರನ್ನ ಕರೆದು “ಇದನ್ನ ಸರಿಮಾಡಿ, ಇಲ್ಲಾ ದಾರಿ ತೋರಿಸಿ” ಅನ್ನೋರು ಯಾರು? ಪುಕ್ಕಟೆ ಸಿಗೋ ತಂತ್ರಾಂಶ ಬರೆಯೋರು ತಮಗೆ ತಾವೇ ಹಾಕಿಕೊಂಡ ಶಿಸ್ತು ಇದು. ಯಾವ ಕಾನೂನೂ ಅವರನ್ನ ಕಟ್ಟಿಹಾಕಿಲ್ಲ.

ಹೊಸದು ಬರಲಿ, ಯಾರೂ ಬೇಡ ಅನ್ನಲ್ಲ. ಆದ್ರೆ ಹೊಸದು ತಂದವರೇ ಹಳೇದಕ್ಕೆ ಉತ್ತರ ಕೊಡಬೇಕು. ಮುಂದಿನ ಸಲ ಅಪ್‌ಡೇಟ್ ಆದ ಮೇಲೆ ಏನಾದ್ರೂ ನಿಂತರೆ, ನಾನೇ ಏನೋ ಒತ್ತಿದೆ ಅಂತ ತಲೆ ತಗ್ಗಿಸಬೇಡಿ. ನಿನ್ನೆ ಓಡ್ತಿತ್ತು ಅಂತ ಬರೆದು ಕಳಿಸಿ. ಪುರಾವೆ ಸಮೇತ.